ಕದಿಯದ ಹಸುವಿನ ಬೆಲೆ

ಆ ಊರಿನ ಹೆಸರು ಕೇಳಬೇಡಿ. ಹೇಳಿದರೆ ನೀವು ಬುತ್ತಿ ಕಟ್ಟಿಕೊಂಡು ನೋಡಲು ಹೊರಡುತ್ತೀರಿ, ನೋಡಿ ಬಂದು ‘ಅಯ್ಯೋ, ಇದು ನಮ್ಮೂರಿನ ಹಾಗೇ ಇದೆಯಲ್ಲ’ ಎನ್ನುತ್ತೀರಿ. ಆಮೇಲೆ ನನಗೆ ಹೇಳಲು ಏನು ಉಳಿಯುತ್ತದೆ? ನಾನು ಆ ಊರಿನ ಬೀಸುವ ಮನೆಯಲ್ಲಿ ಮೂವತ್ತೊಂದು ವರ್ಷ ಹಿಟ್ಟು ತೂಗಿದವನು. ಈಗ ತಕ್ಕಡಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕೂತಿದ್ದೇನೆ. ಕೈಗೆ ಬಿಡುವು ಸಿಕ್ಕಿದೆ, ಬಾಯಿಗೆ ಸಿಕ್ಕಿಲ್ಲ. ಬೆಳಗಾದರೆ ಬಿಸಿಲು, ಬಿಸಿಲಿಗೆ ಬೆನ್ನು ಕೊಟ್ಟರೆ ಸುಖ, ಸುಖವಾದರೆ ಮಾತು. ಕೇಳುವವರು ಸಿಕ್ಕಿದರಂತೂ ನನಗೆ ಹಬ್ಬ. ಕೂತುಕೊಳ್ಳಿ.

ಊರಿನ ನಡುವೆ ಒಂದು ಕಲ್ಲಿದೆ. ಮಂಚದಷ್ಟು ಅಗಲ, ಮೊಣಕಾಲೆತ್ತರ, ಬೇಸಿಗೆಯಲ್ಲಿ ಮುಟ್ಟಿದರೂ ತಣ್ಣಗೆ. ಬೆಲೆಗಲ್ಲು ಎನ್ನುತ್ತಾರೆ. ಅದರ ಮೇಲೆ ಕೊರೆದಿರುವುದು ಕಳವಿನ ಬೆಲೆ. ತೆಂಗಿನಕಾಯಿಗೆ ಮೂರು ದಿನ. ಕೋಳಿಗೆ ಒಂದು ತಿಂಗಳು. ಕುರಿಗೆ ಒಂದು ವರ್ಷ. ಹಸುವಿಗೆ ಏಳು ವರ್ಷ. ದಿನವೆಂದರೆ ರಾಗಿ ಬೀಸುವ ದಿನ. ಆ ಊರಿನಲ್ಲಿ ಯಾರ ಮನೆಯಲ್ಲೂ ಬೀಸುಕಲ್ಲಿಲ್ಲ. ಇರುವ ಹನ್ನೆರಡೂ ಬೀಸುವ ಮನೆಯಲ್ಲಿವೆ. ಕದ್ದವರು ಬೀಸುತ್ತಾರೆ, ಕದಿಯದವರು ಉಣ್ಣುತ್ತಾರೆ. ನಾನು ನಡುವೆ ನಿಂತು ತೂಗುತ್ತಿದ್ದೆ.

ಏನು ಅಚ್ಚುಕಟ್ಟು ಅಂತೀರಿ! ಕಳೆದುಕೊಂಡವರು ಬಂದು ಕಲ್ಲಿನ ಮೇಲೆ ಅಂಗೈ ಬಡಿದು ಮೂರು ಸಲ ‘ಹೋಯಿತು’ ಎನ್ನಬೇಕು. ಒಂದು ಹನಿಯಾದರೂ ಕಣ್ಣೀರು ಕಲ್ಲಿನ ಮೇಲೆ ಬೀಳಬೇಕು. ಬಿದ್ದದ್ದನ್ನು ಊರಿನ ಯಜಮಾನರು ಬೆರಳಿಂದ ಮುಟ್ಟಿ, ನಾಲಿಗೆಗಿಟ್ಟು ನೋಡಿ, ‘ಉಪ್ಪಿದೆ’ ಎನ್ನಬೇಕು. ಉಪ್ಪಿದೆ ಎಂದರೆ ಕಳವಾಯಿತು. ಕದ್ದವನನ್ನು ಯಾರೂ ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಅವನೊಂದು ವಸ್ತು ತೆಗೆದುಕೊಂಡ, ಅದರ ಬೆಲೆ ಕೊಡುತ್ತಾನೆ, ಅಷ್ಟೇ. ಅವನು ಬೀಸುವಷ್ಟು ಕಾಲ ಅವನ ಮನೆಗೆ ವಾರಕ್ಕೊಂದು ಸೇರು ಹಿಟ್ಟು ಹೋಗುತ್ತದೆ. ಬೀಸಿ ಮುಗಿದ ದಿನ ಯಜಮಾನರು ತಮ್ಮ ಹೆಗಲ ಟವೆಲಿನಿಂದ ಅವನ ತಲೆಯ ಹಿಟ್ಟು ಕೊಡವುತ್ತಾರೆ, ಹುಬ್ಬಿನ ಹಿಟ್ಟು ಕೊಡವುತ್ತಾರೆ, ‘ತೀರಿತು’ ಎನ್ನುತ್ತಾರೆ. ನೆರೆದವರೆಲ್ಲ ‘ತೀರಿತು’ ಎನ್ನುತ್ತಾರೆ. ಅವನು ಹೊರಗೆ ನಡೆಯುತ್ತಾನೆ.

ಊರು ಬಾಯಲ್ಲಿ ಹಾಗೆನ್ನುತ್ತಿತ್ತು, ನಿಜ. ಆದರೆ ಯಾರ ಮನೆಯ ಹಿತ್ತಲಲ್ಲಿ ಒಂದು ಸೌತೆಕಾಯಿ ಕಾಣೆಯಾದರೂ ಎಲ್ಲರ ಕಣ್ಣು ಮೊದಲು ಹೋಗುತ್ತಿದ್ದದ್ದು ತೀರಿಸಿದವನ ಬಾಗಿಲಿಗೆ. ಮೇಲಾಗಿ, ವರ್ಷಗಟ್ಟಲೆ ಗೂಟ ಹಿಡಿದು ತಿರುಗಿಸಿದ ಕೈಗೆ ಬೇರೆ ಕೆಲಸ ಮರೆತುಹೋಗುತ್ತದೆ. ಹಾಗಾಗಿ ಹೊರಗೆ ಹೋದ ಹತ್ತು ಜನರಲ್ಲಿ ಒಂಬತ್ತು ಜನ ಮುಂದಿನ ಸುಗ್ಗಿಯೊಳಗೆ ಒಳಗೆ ಬಂದಿರುತ್ತಿದ್ದರು. ತೂಗುವ ಮನುಷ್ಯನಿಗೆ ಇದು ಕಾಣದೇ ಇರುತ್ತದೆಯೇ? ಒಮ್ಮೆ ಯಜಮಾನರಿಗೆ ಹೇಳಿದೆ.

ಅವರು ಎಲೆಯಡಿಕೆ ಮೆಲ್ಲುತ್ತ ನಕ್ಕರು. “ಅಲ್ಲಯ್ಯಾ, ಬೆಲೆ ಸರಿಯಾಗಿದ್ದ ಅಂಗಡಿಗೆ ಗಿರಾಕಿ ತಿರುಗಿ ಬರದೇ ಇನ್ನೆಲ್ಲಿಗೆ ಹೋಗ್ತಾನೆ?”

ನಾನೂ ನಕ್ಕೆ. ಬಹಳ ಬುದ್ಧಿವಂತಿಕೆಯ ಮಾತು ಅನ್ನಿಸಿತ್ತು ಆಗ. ಬೀಸುಕಲ್ಲು ತಿರುಗುತ್ತಿತ್ತು, ಹಿಟ್ಟು ಬೀಳುತ್ತಿತ್ತು, ಊರು ಉಣ್ಣುತ್ತಿತ್ತು.

ಇನ್ನು ದನಗಾಹಿಯ ವಿಷಯಕ್ಕೆ ಬರುತ್ತೇನೆ.

ಊರಿನ ನಲವತ್ತು ದನಗಳನ್ನು ಮೇಯಿಸುತ್ತಿದ್ದ ಒಬ್ಬ ದನಗಾಹಿ ಇದ್ದ. ಬೆಳಗ್ಗೆ ಬೀದಿಯ ತುದಿಯಲ್ಲಿ ನಿಂತು ‘ಹೋ’ ಎನ್ನುತ್ತಿದ್ದ. ಎಲ್ಲ ಮನೆಯವರೂ ಕಣ್ಣಿ ಬಿಚ್ಚುತ್ತಿದ್ದರು. ದನಗಳು ತಾವಾಗಿಯೇ ಅವನ ಹಿಂದೆ ನಡೆಯುತ್ತಿದ್ದವು. ಸಂಜೆ ಅವನು ಬಂದರೆ ಅವೂ ಬಂದವು. ಅವನಿಗೆ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ. ಒಂದು ಸಂಜೆ ಎಣ್ಣೆ ಅಂಗಡಿಯವನ ಹಸು ಬರಲಿಲ್ಲ. ಊರು ಮೂರು ದಿನ ಕಾಯಿತು, ನಾಲ್ಕನೆಯ ದಿನ ಅಂಗಡಿಯವನು ಕಲ್ಲಿನ ಮೇಲೆ ಅತ್ತ. ಯಜಮಾನರು ನಾಲಿಗೆಗಿಟ್ಟು ಉಪ್ಪಿದೆ ಎಂದರು. ದನಗಾಹಿ “ನಾನು ಕದ್ದಿಲ್ಲ” ಎಂದ. ಎಲ್ಲರೂ ಹಾಗೇ ಅನ್ನುವುದು. ಬಂದು ಮೂರನೆಯ ಬೀಸುಕಲ್ಲಿನ ಮುಂದೆ ಕೂತ.

ಏಳು ವರ್ಷ ಬೀಸಿದ. ಅಷ್ಟು ವರ್ಷ ಊರಿನವರೇ ಸರದಿಯಲ್ಲಿ ದನ ಮೇಯಿಸಿದರು. ಏಳು ವರ್ಷ ನಾನು ಅವನ ಹಿಟ್ಟು ತೂಗಿದೆ. ಒಳ್ಳೆಯ ಹಿಟ್ಟು, ತರಿ ಇಲ್ಲ. ಯಜಮಾನರು ಟವೆಲಿನಿಂದ ಕೊಡವಿದರು, ಎಲ್ಲರೂ ತೀರಿತು ಎಂದರು. ಮರುದಿನ ಬೆಳಗ್ಗೆ ಅವನು ಬೀದಿಯ ತುದಿಯಲ್ಲಿ ನಿಂತು ‘ಹೋ’ ಎಂದ. ಜನ ಸ್ವಲ್ಪ ತಡೆದರು, ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಕಣ್ಣಿ ಬಿಚ್ಚಿದರು. ಬೆಲೆ ಕೊಟ್ಟವನಲ್ಲವೇ.

ಏಳು ದಿನ ಅವನು ಸುಖವಾಗಿದ್ದ. ಎಂಟನೆಯ ದಿನ ಊರಾಚೆಯ ಹಾಳುಬಾವಿಯ ಹೂಳೆತ್ತಿದರು. ತಳದಲ್ಲಿ ಒಂದು ಹಸುವಿನ ಎಲುಬು ಸಿಕ್ಕಿತು, ಎಲುಬಿನ ಜೊತೆ ಹಿತ್ತಾಳೆಯ ಗಂಟೆ, ಗಂಟೆಯ ಮೇಲೆ ಎಣ್ಣೆ ಅಂಗಡಿಯ ಗುರುತು.

ನೀವು ಹೇಳುತ್ತೀರಿ, ಒಳ್ಳೆಯದಾಯಿತಲ್ಲ, ಅವನು ನಿರಪರಾಧಿ ಎಂದು ಗೊತ್ತಾಯಿತಲ್ಲ ಎಂದು. ನಾನೂ ಹಾಗೇ ಅಂದುಕೊಂಡು ಬೆಲೆಗಲ್ಲಿನ ಹತ್ತಿರ ಓಡಿದೆ. ಊರೆಲ್ಲ ಸೇರಿತ್ತು. ಯಜಮಾನರು ಬಹಳ ಹೊತ್ತು ಗಂಟೆಯನ್ನು ತಿರುಗಿಸಿ ನೋಡಿದರು.

“ತಪ್ಪಾಗಿದೆ,” ಎಂದರು. “ಹಸುವನ್ನು ಇವನು ಕದ್ದಿಲ್ಲ. ಇವನು ಕೊಟ್ಟ ಏಳು ವರ್ಷ ಹಿಂದಿರುಗಿಸೋಣ ಅಂದರೆ ನಮ್ಮ ಹತ್ತಿರ ಇಲ್ಲ. ಹಿಟ್ಟು ಆಗಲೇ ಉಂಡಾಯಿತು. ಆದರೆ ಈ ಊರು ಯಾರಿಗೂ ಮೋಸ ಮಾಡುವುದಿಲ್ಲ. ಬೆಲೆ ಸಂದಿದೆ, ಮಾಲು ಸಂದಿಲ್ಲ. ಆದ್ದರಿಂದ ಇವನಿಗೆ ಒಂದು ಹಸು ಕದಿಯುವ ಬಾಕಿ ಇದೆ. ಯಾವತ್ತು ಬೇಕಾದರೂ ಕದಿಯಲಿ, ಯಾರದ್ದಾದರೂ ಕದಿಯಲಿ. ಬೀಸಬೇಕಾಗಿಲ್ಲ.”

ಜನ ತಲೆದೂಗಿದರು. ನಾನೂ ತಲೆದೂಗಿದೆ ಅನ್ನಿ, ಎಂಥ ನ್ಯಾಯ ಎಂದು ಮೈ ಜುಮ್ಮೆಂದಿತು. ದನಗಾಹಿ ಮಾತ್ರ ಕೈಮುಗಿದು, “ನನಗೆ ಹಸು ಬೇಡ ಯಜಮಾನರೇ, ದನ ಕಾಯೋಕೆ ಬಿಟ್ಟರೆ ಸಾಕು,” ಎಂದ.

“ಯಾರು ಬೇಡ ಅಂದರು? ಕಾಯಿ.”

ಮರುದಿನ ಬೆಳಗ್ಗೆ ಬೀದಿಯ ತುದಿಯಲ್ಲಿ ನಿಂತು ‘ಹೋ’ ಎಂದ. ಒಂದು ಬಾಗಿಲೂ ತೆರೆಯಲಿಲ್ಲ. ಕೊಟ್ಟಿಗೆಗಳ ಒಳಗಿಂದ ದನಗಳು ಅಂಬಾ ಎಂದವು. ಅವನು ಮತ್ತೆ ‘ಹೋ’ ಎಂದ. ಕೊನೆಗೆ ಎಣ್ಣೆ ಅಂಗಡಿಯವನು ಕಿಟಕಿಯಿಂದ ಮುಖ ಹಾಕಿದ.

“ನೋಡಪ್ಪಾ, ಕೋಪ ಮಾಡ್ಕೋಬೇಡ. ಮೊದಲು ನಿನ್ನ ಬಾಕಿ ಮುಗಿಸಿಬಿಡು. ಆಮೇಲೆ ನಲವತ್ತಲ್ಲ, ನಾನೂರು ಕೊಡ್ತೀವಿ.”

“ನಾನು ಕಳ್ಳ ಅಲ್ಲ ಅಂತ ನಿನ್ನೆ ತಾನೇ ಗೊತ್ತಾಯ್ತಲ್ಲ ಸಾವ್ಕಾರ್ರೇ?”

“ಅದೇ ಮಾರಾಯ ಭಯ! ಕಳ್ಳ ಆಗಿದ್ದಿದ್ರೆ ಮುಗಿದುಹೋಗಿತ್ತು. ನೀನು ಇನ್ನೂ ಕದಿಯೋದಿದೆ.”

ಅಲ್ಲಿಂದ ಶುರುವಾಯಿತು ನೋಡಿ. ಊರಿನವರು ಕೊಟ್ಟಿಗೆಗೆ ಎರಡೆರಡು ಅಗುಳಿ ಹಾಕಿದರು. ಮೇವನ್ನು ಒಳಗೇ ಹೊತ್ತು ಹಾಕಿದರು. ದನಗಳ ಗೊರಸು ಬೆಳೆದು ಸೊಟ್ಟಗಾಯಿತು. ದಾರಿಯಲ್ಲಿ ಸಿಕ್ಕವರೆಲ್ಲ ಅವನ ಭುಜ ತಟ್ಟುವರು. ಒಬ್ಬ, “ಪಕ್ಕದ ಮನೆಯವನ ಕರಿ ಹಸು ಹಾಲು ಚೆನ್ನಾಗಿ ಕೊಡುತ್ತೆ, ಹಿಂದಿನ ಬಾಗಿಲಿನ ಚಿಲಕ ಸಡಿಲ,” ಎಂದು ಕಿವಿಯಲ್ಲಿ ಹೇಳುವನು. ಪಕ್ಕದ ಮನೆಯವನು ಇವನ ಹಸುವಿನ ಬಗ್ಗೆ ಅಷ್ಟೇ ಅಕ್ಕರೆಯಿಂದ ಹೇಳುವನು. ಜೀವನವಿಡೀ ಕೋಳಿಯನ್ನೇ ಕದ್ದು ಮುದುಕನಾದ ಒಬ್ಬ ಕೋಳಿಕಳ್ಳ ಇದ್ದ, ನನಗೆ ಬಹಳ ಬೇಕಾದವನು. ಅವನು ಒಂದು ಹುಂಜವನ್ನು ಕಂಕುಳಲ್ಲಿ ಹಿಡಿದು ಬಂದು ದನಗಾಹಿಯ ಜಗಲಿಯ ಮೇಲೆ ಕೂತ.

“ಅಣ್ಣಾ, ನಿನ್ನ ಆ ಬಾಕಿ ಹಸು ನನಗೆ ಮಾರು. ಒಂದೇ ಒಂದು ಸಲ ದೊಡ್ಡದಾಗಿ ಏನಾದರೂ ಮಾಡಿ ಸಾಯಬೇಕು ಅಂತ ಆಸೆ.”

“ಹೋಗೋ,” ಎಂದ ದನಗಾಹಿ, ಬಹಳ ದಿನಗಳ ಮೇಲೆ ನಕ್ಕು. “ಆ ಹುಂಜ ಯಾರದ್ದೋ?”

“ನಿನ್ನದೇ,” ಎಂದ ಕೋಳಿಕಳ್ಳ. “ಉಡುಗೊರೆ ತರೋಣ ಅಂತ ಹೊರಟೆ, ದಾರಿಯಲ್ಲಿ ಬೇರೇನೂ ಸಿಗಲಿಲ್ಲ.”

ನಗು ಬಂತಲ್ಲ? ನನಗೂ ಬರುತ್ತದೆ. ಆದರೆ ದನಗಾಹಿಯ ಹೆಂಡತಿ ನಗುತ್ತಿರಲಿಲ್ಲ. ಗಂಡ ಬೀಸುತ್ತಿದ್ದ ಏಳು ವರ್ಷ ಅವಳಿಗೆ ವಾರಕ್ಕೊಂದು ಸೇರು ಬರುತ್ತಿತ್ತು. ನಾನೇ ಅಳೆದು ಕೊಡುತ್ತಿದ್ದೆ. ಈಗ ಅದೂ ಇಲ್ಲ, ದುಡಿಮೆಯೂ ಇಲ್ಲ. “ಕಳ್ಳನ ಹೆಂಡತಿ ಆಗಿದ್ದಾಗ ಹಿಟ್ಟಾದರೂ ಸಿಗ್ತಿತ್ತು,” ಎಂದಳು ಒಂದು ದಿನ ಬೀಸುವ ಮನೆಯ ಬಾಗಿಲಲ್ಲಿ ನಿಂತು. “ನಿರಪರಾಧಿಯ ಹೆಂಡತಿಗೆ ಎಷ್ಟು ಸೇರು ಸ್ವಾಮಿ?” ಕಲ್ಲಿನ ಮೇಲೆ ಅದಕ್ಕೆ ಬೆಲೆ ಕೊರೆದಿರಲಿಲ್ಲ. ತಕ್ಕಡಿಯ ತಳದಲ್ಲಿ ಅಂಟಿದ್ದನ್ನು ಕೆರೆದು ಅವಳ ಸೆರಗಿಗೆ ಹಾಕಿದೆ.

ಮನೆಯಲ್ಲಿ ಗಂಡನಿಗೆ ಹೇಳಿದಳಂತೆ: “ಎಣ್ಣೆ ಅಂಗಡಿಯವನದೇ ಕದ್ದುಬಿಡು. ಅವನಿಗೆ ತಕ್ಕದ್ದು.”

“ಕದ್ದರೆ ಕಳ್ಳ ಆಗ್ತೀನಲ್ಲೇ.”

“ಕದಿಯದೇ ಏಳು ವರ್ಷ ಆಗಿದ್ದೆಯಲ್ಲ. ಕದ್ದು ಒಂದು ದಿನ ಆಗೋಕೇನು?”

ಅವನು ನೇರವಾಗಿ ಯಜಮಾನರ ಹತ್ತಿರ ಹೋಗಿ, “ಈ ಬಾಕಿ ವಾಪಸು ತಗೊಳ್ಳಿ,” ಎಂದು ಕೇಳಿದ. ಯಜಮಾನರಿಗೆ ನಿಜವಾಗಿಯೂ ಬೇಸರವಾಯಿತು. ಕೆಟ್ಟ ಮನುಷ್ಯರಲ್ಲ ಅವರು. “ನೀನು ಬೀಸಿದ್ದನ್ನು ಮತ್ತೆ ಕಾಳು ಮಾಡೋಕಾಗುತ್ತೇನಪ್ಪಾ?” ಎಂದರು. ಯಾರಾದರೂ ತಾವಾಗಿಯೇ ಒಂದು ಹಸು ಕೊಟ್ಟರೆ? ಅದೂ ಆಗದು. ಕೊಟ್ಟದ್ದು ಕಳವಲ್ಲ. ಕಳೆದುಕೊಂಡವರ ಕಣ್ಣೀರು ಬೀಳಬೇಕು, ಅದರಲ್ಲಿ ಉಪ್ಪಿರಬೇಕು.

ಅಷ್ಟರಲ್ಲಿ ಒಂದು ಬೆಳಗ್ಗೆ ಮೂಲೆಮನೆಯ ಅಜ್ಜಿಯ ಬಾಗಿಲು ತೆರೆಯಿತು.

ಅಜ್ಜಿಗೆ ಗಂಡನಿಲ್ಲ, ಮಕ್ಕಳಿಲ್ಲ, ಒಂದು ಮುದಿ ಹಸು ಇತ್ತು. ಚುಕ್ಕಿ ಎಂದು ಹೆಸರು. ಹಾಲು ಬತ್ತಿ ಎಷ್ಟೋ ವರ್ಷವಾಗಿತ್ತು. ಅಜ್ಜಿ ಕಣ್ಣಿ ಹಿಡಿದುಕೊಂಡು ಬೀದಿಯ ತುದಿಗೆ ಬಂದು ಅದನ್ನು ದನಗಾಹಿಯ ಕೈಗೆ ಕೊಟ್ಟಳು.

“ತಗೋ ಮಗಾ. ಕಟ್ಟಿದ ಕಡೆಯೇ ನಿಂತು ಇದರ ಕಾಲು ಊದಿಕೊಂಡಿದೆ. ಹಳ್ಳದ ಕಡೆ ಬೇಡ, ಜಾರುತ್ತೆ.”

ಕಿಟಕಿಗಳಿಂದ ಕೂಗಿದರು. “ಅಜ್ಜೀ! ತಲೆ ಕೆಟ್ಟಿದೆಯಾ? ಅವನಿಗೆ ಒಂದು ಬಾಕಿ ಇದೆ!”

“ಇರಲಿ,” ಎಂದಳು ಅಜ್ಜಿ. “ಅವನು ಕದಿಯಲ್ಲ.”

“ಕದ್ದರೆ?”

“ಕದಿಯಲ್ಲ ಅಂದೆನಲ್ಲ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದೀರಾ?”

ಅಂದಿನಿಂದ ಆ ದನಗಾಹಿ ಒಂದು ಹಸುವನ್ನು ಮೇಯಿಸಿದ. ಬೆಳಗ್ಗೆ ಒಂದು ಹಸು, ಒಬ್ಬ ಮನುಷ್ಯ ಬೀದಿಯ ನಡುವೆ ಹೋಗುವರು. ಸಂಜೆ ಒಂದು ಹಸು, ಒಬ್ಬ ಮನುಷ್ಯ ಬೀದಿಯ ನಡುವೆ ಬರುವರು. ಅಜ್ಜಿ ಬಾಗಿಲಲ್ಲಿ ನಿಂತಿರುವಳು, “ಬಂದೆಯಾ?” ಎನ್ನುವಳು. “ಬಂದೆ ಅಜ್ಜಿ,” ಎನ್ನುವನು. ಊರೆಲ್ಲ ಕಿಟಕಿಯಲ್ಲಿ ಕೂತು ನೋಡುವುದು. ಇವತ್ತು ಬರುವುದಿಲ್ಲ, ಇವತ್ತು ಖಂಡಿತ ಬರುವುದಿಲ್ಲ ಎಂದುಕೊಳ್ಳುವುದು. ಬಂದಾಗ ಅಯ್ಯೋ ಎನ್ನುವುದು. ಜನ ಅಷ್ಟು ಆಸೆಯಿಂದ ಒಂದು ಕಳವಿಗಾಗಿ ಕಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಿಂಗಳು ಕಳೆಯಿತು, ವರ್ಷ ಕಳೆಯಿತು. ಬಂದೆಯಾ, ಬಂದೆ ಅಜ್ಜಿ. ಬಂದೆಯಾ, ಬಂದೆ ಅಜ್ಜಿ.

ಆದರೆ ಆ ಒಂದು ಹಸುವಿಗೆ ಅಜ್ಜಿ ಕೊಡುತ್ತಿದ್ದದ್ದು ದಿನಕ್ಕೊಂದು ಮುದ್ದೆ. ಗಂಡ ಹೆಂಡತಿ ಅದನ್ನೇ ಮುರಿದು ತಿನ್ನುತ್ತಿದ್ದರು. ಅವನ ಹೆಂಡತಿಯ ಬಳೆ ಮೊಣಕೈವರೆಗೆ ಸರಿಯುವಷ್ಟು ಕೈ ಸೊರಗಿತು.

ಎರಡನೆಯ ವರ್ಷದ ಒಂದು ಮಧ್ಯಾಹ್ನ, ಹೊಂಗೆ ಮರದ ನೆರಳಲ್ಲಿ, ಚುಕ್ಕಿ ಮಲಗಿತು. ಮೆಲುಕು ಹಾಕುತ್ತಿದ್ದದ್ದು ನಿಲ್ಲಿಸಿತು. ದನಗಾಹಿ ಬಾಯಿಗೆ ನೀರು ಬಿಟ್ಟ, ನೀರು ಹೊರಗೆ ಹರಿಯಿತು. ಕಾಯಿಲೆಯಿಲ್ಲ, ಹಾವಿಲ್ಲ, ವಯಸ್ಸಾಗಿತ್ತು, ಅಷ್ಟೇ. ಹತ್ತಿರದ ಮಣ್ಣು ಕುಸಿದ ಗುಂಡಿಗೆ ಎಳೆದು ಕೋಲಿನಿಂದಲೂ ಕೈಯಿಂದಲೂ ಮಣ್ಣು ಮುಚ್ಚಿದ. ಹೊತ್ತು ಇಳಿಯುತ್ತಿತ್ತು. ಕಣ್ಣಿಯನ್ನು ಹೆಗಲಿಗೆ ಹಾಕಿಕೊಂಡು ಊರ ಕಡೆ ಬರುವಾಗ, ಬಯಲಿನಲ್ಲಿ ಸೌದೆ ಆರಿಸುತ್ತಿದ್ದ ಹೆಂಡತಿ ಎದುರಾದಳು. ಬರಿಯ ಕಣ್ಣಿ ನೋಡಿದಳು.

“ಹಸು?”

“ಸತ್ತಿತು. ಅಜ್ಜಿಗೆ ಹೇಗೆ ಹೇಳೋದು ಅಂತ…”

ಅವಳು ಸೌದೆ ಕೆಳಗಿಟ್ಟಳು. “ಯಾರಾದರೂ ನೋಡಿದರಾ?”

“ಇಲ್ಲ.”

“ಹಾಗಾದರೆ ಸತ್ತಿಲ್ಲ. ನೀನು ಕದ್ದೆ.” ಅವನ ಎರಡೂ ಕೈ ಹಿಡಿದುಕೊಂಡಳು. “ಸತ್ತಿತು ಅಂದ್ರೆ ನಿನ್ನ ಹತ್ತಿರ ಆ ಒಂದು ಹಸುವೂ ಇಲ್ಲ, ಬಾಕಿ ಮಾತ್ರ ಹಾಗೇ ಇದೆ. ಕದ್ದೆ ಅಂತ ಒಂದು ಮಾತು ಹೇಳಿದರೆ ನಾಳೆ ನಲವತ್ತು ದನ ನಿನ್ನ ಹಿಂದೆ. ಸತ್ತ ಹಸುವಿಗೆ ಏನು ನೋವು? ಒಂದು ಮಾತು. ನಾನು ಯಾವತ್ತಾದರೂ ನಿನ್ನ ಹತ್ತಿರ ಏನಾದರೂ ಕೇಳಿದ್ದೀನಾ?”

ಕೇಳಿರಲಿಲ್ಲ. ಅವನು ಅವಳ ಕೈ ನೋಡಿದ, ಮೊಣಕೈಗೆ ಸರಿದ ಬಳೆ ನೋಡಿದ. ನಂತರ ಕಣ್ಣಿಯನ್ನು ಪೊದೆಗೆ ಎಸೆದು ಊರೊಳಗೆ ನಡೆದ.

ಬರಿಗೈಯಲ್ಲಿ ಬೀದಿಯ ನಡುವೆ ಬಂದವನನ್ನು ಕಂಡು ಊರು ಕಿಟಕಿ ಬಿಟ್ಟು ಹೊರಗೆ ಓಡಿ ಬಂತು. ಯಾರೋ ತಮಟೆ ತಂದರು. ಎಣ್ಣೆ ಅಂಗಡಿಯವನು ಅವನನ್ನು ಅಪ್ಪಿಕೊಂಡ. ಬೆಲೆಗಲ್ಲಿನ ಹತ್ತಿರ ಯಜಮಾನರು ಬಂದು ಕೂತರು. ನಾನೂ ಹಿಟ್ಟಿನ ಕೈಯಲ್ಲೇ ಬಂದೆ.

“ಕದ್ದೆಯಾ?”

“ಕದ್ದೆ.”

“ಆಹಾ!” ಎಂದಿತು ಊರು.

ಅಜ್ಜಿಯನ್ನು ಕರೆದುಕೊಂಡು ಬಂದರು. ಕಲ್ಲಿನ ಮುಂದೆ ನಿಲ್ಲಿಸಿದರು. ಕಲ್ಲು ಬಡಿದು ಅಳಬೇಕು ಅಜ್ಜಿ ಎಂದರು. ಅಜ್ಜಿ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

“ಯಾಕೆ ಅಳಲಿ? ನನ್ನ ಹಸುವನ್ನು ಅವನು ಕದ್ದಿಲ್ಲ.”

“ಅವನೇ ಹೇಳ್ತಿದ್ದಾನಲ್ಲ ಅಜ್ಜಿ!”

ಅಜ್ಜಿ ಅವನ ಹತ್ತಿರ ಹೋಗಿ ಮುಖ ಎತ್ತಿ ನೋಡಿದಳು. ಅವಳು ಅವನ ಎದೆಯವರೆಗೂ ಬರುತ್ತಿರಲಿಲ್ಲ. “ಮಗಾ, ಮುದಿ ಹಸು ಅದು. ಎಲ್ಲಾದರೂ ಬಿತ್ತಾ? ಸತ್ತಿತಾ? ಸತ್ತಿತು ಅನ್ನು, ನಾನು ನಂಬ್ತೀನಿ. ತಪ್ಪಿಸಿಕೊಂಡಿತು ಅನ್ನು, ಅದನ್ನೂ ನಂಬ್ತೀನಿ. ಇವರೆಲ್ಲ ನಂಬದೇ ಇದ್ದರೂ ನಾನು ನಂಬ್ತೀನಿ.”

ತಮಟೆ ನಿಂತಿತ್ತು. ಹೆಂಡತಿ ಗುಂಪಿನ ಅಂಚಿನಲ್ಲಿ ನಿಂತು ನೆಲ ನೋಡುತ್ತಿದ್ದಳು. ನಲವತ್ತು ಕೊಟ್ಟಿಗೆಗಳಿಂದ ದನಗಳು ಕೂಗುವುದು ಕೇಳುತ್ತಿತ್ತು. ದನಗಾಹಿ ಅಜ್ಜಿಯ ತಲೆಯ ಮೇಲಿಂದ ಎಲ್ಲೋ ದೂರ ನೋಡುತ್ತ ಹೇಳಿದ:

“ಇಲ್ಲ ಅಜ್ಜಿ. ಕದ್ದೆ. ಮಾರಿದೆ.”

“ನನ್ನದನ್ನೇ?”

“ನಿಮ್ಮದೇ.”

“ಊರಲ್ಲಿ ಇಷ್ಟು ಮನೆ ಇದ್ದವಲ್ಲ ಮಗಾ. ನನ್ನದನ್ನೇ ಯಾಕೆ?”

“ನಿಮ್ಮ ಮನೆ ಬಾಗಿಲು ಮಾತ್ರ ತೆರೆದಿತ್ತು.”

ಅಜ್ಜಿ ಹಿಂದಿರುಗಿ ಕಲ್ಲಿನ ಹತ್ತಿರ ಬಂದಳು. ಕೈ ಬಡಿಯಲಿಲ್ಲ, ಸುಮ್ಮನೆ ಇಟ್ಟಳು. “ಹೋಯಿತು,” ಎಂದಳು. ಮತ್ತೊಂದು ಸಲ ಎಂದಳು. ಮೂರನೆಯ ಸಲ ಅವಳ ತುಟಿ ಮಾತ್ರ ಅಲ್ಲಾಡಿತು. ಹನಿ ಬಿತ್ತು. ಒಂದಲ್ಲ, ಬೇಕಾದಷ್ಟು. ಯಜಮಾನರು ಬೆರಳು ಮುಟ್ಟಿಸಿ ನಾಲಿಗೆಗಿಟ್ಟರು. ನನ್ನ ಮೂವತ್ತೊಂದು ವರ್ಷದಲ್ಲಿ ಅದೊಂದೇ ಸಲ ಅವರು ಮುಖ ಕಿವುಚಿದ್ದನ್ನು ನೋಡಿದೆ.

“ಉಪ್ಪಿದೆ,” ಎಂದರು. “ತೀರಿತು.”

“ತೀರಿತು!” ಎಂದಿತು ಊರು.

ಮರುದಿನ ಬೆಳಗ್ಗೆ ಅವನು ‘ಹೋ’ ಎಂದಾಗ ಎಲ್ಲ ಬಾಗಿಲೂ ಒಟ್ಟಿಗೇ ತೆರೆದವು. ದನಗಳು ಸೊಟ್ಟ ಗೊರಸಿನಲ್ಲಿ ಎಡವುತ್ತ, ಒಂದನ್ನೊಂದು ನೂಕುತ್ತ, ಅವನ ಕೈ ನೆಕ್ಕಲು ಬಂದವು. ನಲವತ್ತು ದನಗಳ ನಡುವೆ ಅವನು ಬಯಲಿಗೆ ನಡೆದ. ಮೂಲೆಮನೆಯ ಮುಂದೆ ಬಂದಾಗ ಹೆಜ್ಜೆ ಜೋರು ಮಾಡಿದ.

ಆ ಸುಖ ಎಷ್ಟು ದಿನ? ಎರಡು ತಿಂಗಳು. ಒಂದು ಸಂಜೆ ಎಣ್ಣೆ ಅಂಗಡಿಯವನ ಕಡಸು ಬರಲಿಲ್ಲ. ಚಿರತೆ ಎತ್ತಿತೋ, ಹಳ್ಳ ದಾಟಿ ಹೋಯಿತೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮೊದಲ ಸಲ ಊರು ಮೂರು ದಿನ ಕಾದಿತ್ತಲ್ಲ, ಈ ಸಲ ಹೊತ್ತು ಮುಳುಗುವವರೆಗೂ ಕಾಯಲಿಲ್ಲ. “ಒಮ್ಮೆ ಕದ್ದ ಕೈ,” ಎಂದರು. ಅಂಗಡಿಯವನು ಅತ್ತ, ಯಜಮಾನರು ರುಚಿ ನೋಡಿದರು. ಕಡಸಿಗೂ ಹಸುವಿನದೇ ಬೆಲೆ, ಏಳು ವರ್ಷ. ದನಗಾಹಿ ಈ ಸಲ ತಾನೇ ಮುಂದಾಗಿ ಬಂದು ಮೂರನೆಯ ಬೀಸುಕಲ್ಲಿನ ಮುಂದೆ ಕೂತು ಗೂಟ ಹಿಡಿದ.

ವಾರ ಕಳೆದ ಮೇಲೆ, ಹಿಟ್ಟು ತೂಗುವಾಗ, “ಕಡಸು ಏನಾಯ್ತಯ್ಯಾ?” ಎಂದು ಕೇಳಿದೆ.

“ಗೊತ್ತಿಲ್ಲ ಸ್ವಾಮಿ.”

“ಅಜ್ಜಿಯ ಹಸುವನ್ನು ಎಲ್ಲಿ ಮಾರಿದೆ?”

ಅವನು ಬೀಸುವುದನ್ನು ನಿಲ್ಲಿಸಿದ. ಆಗ ಹೇಳಿದ, ಹೊಂಗೆ ಮರ, ಗುಂಡಿ, ಪೊದೆಗೆ ಎಸೆದ ಕಣ್ಣಿ, ಎಲ್ಲವನ್ನೂ. ನನ್ನ ಕೈಯಲ್ಲಿದ್ದ ತಕ್ಕಡಿ ಒಂದು ಕಡೆಗೆ ವಾಲಿತು.

“ಅಯ್ಯೋ ಮುಠ್ಠಾಳ! ನಾನು ಈಗಲೇ ಯಜಮಾನರ ಹತ್ತಿರ ಹೋಗ್ತೀನಿ. ಗುಂಡಿ ಅಗೆದು ತೋರಿಸೋಣ.”

ಅವನು ನನ್ನ ಕಾಲು ಹಿಡಿದುಕೊಂಡ. ನನ್ನ ಪಾದದ ಮೇಲೆ ಹಿಟ್ಟಿನ ಹತ್ತು ಬೆರಳು ಮೂಡಿದವು.

“ಬೇಡಿ ಸ್ವಾಮಿ. ಅಜ್ಜಿ ಹಸು ಕದ್ದಿಲ್ಲ ಅಂತಾದರೆ ಆ ಹಳೇ ಏಳು ವರ್ಷ ಮತ್ತೆ ಬಾಕಿ. ಕಲ್ಲಿಗೆ ಕೂತಾದ ಮೇಲೆ ಅದನ್ನ ಈ ಕಡಸಿಗೆ ಮುರಿದುಕೊಳ್ಳೋ ಹಾಗೂ ಇಲ್ಲ. ನಾಳೆ ಕಡಸಿನ ಎಲುಬೂ ಎಲ್ಲೋ ಸಿಕ್ಕಿತು ಅಂತಿಟ್ಟುಕೊಳ್ಳಿ, ಆಗ ಎರಡು ಹಸು ಬಾಕಿ. ಎರಡು ಹಸು ಕದಿಯೋದಿರೋನನ್ನ ಯಾರು ಹತ್ತಿರ ಸೇರಿಸ್ತಾರೆ? ನಾನು ಕಳ್ಳ ಅಂತಲೇ ಇರಲಿ. ಕಳ್ಳನಾದರೆ ಏಳು ವರ್ಷಕ್ಕಾದರೂ ಮುಗಿಯುತ್ತೆ. ಮನೆಗೆ ಸೇರು ಹಿಟ್ಟೂ ಹೋಗುತ್ತೆ. ನಾನು ಏನೂ ಮಾಡಿಲ್ಲ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ.”

ನಾನು ಲೆಕ್ಕ ಹಾಕಿದೆ. ಲೆಕ್ಕದಲ್ಲಿ ನಾನು ಯಾವತ್ತೂ ತಪ್ಪಿದವನಲ್ಲ. ಯಾವ ಕಡೆಯಿಂದ ಹಾಕಿದರೂ ಅವನು ಹೇಳಿದ್ದೇ ಬಂತು. ನಾನು ಬಾಯಿ ಮುಚ್ಚಿಕೊಂಡೆ. ಇಷ್ಟು ಮಾತಾಡುವ ನಾನು.

ಶುಕ್ರವಾರ ಮೂಲೆಮನೆಗೆ ಹಿಟ್ಟು ಕೊಡಲು ಹೋದೆ. ಅಜ್ಜಿ ಖಾಲಿ ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಿದ್ದಳು. ಹಿಟ್ಟಿನ ಕಡೆ ನೋಡಲಿಲ್ಲ.

“ಅವನು ಉಣ್ತಾನಾ?” ಎಂದಳು.

“ಉಣ್ತಾನೆ ಅಜ್ಜಿ.”

“ನನ್ನ ಹಸು ಯಾರಿಗೆ ಮಾರಿದ ಅಂತ ಬಾಯಿ ಬಿಟ್ಟನಾ?”

ನಾನು ಹಿಟ್ಟನ್ನು ಅವಳ ಮೊರಕ್ಕೆ ಸುರಿದೆ. ಬೇಕೆಂದೇ ನಿಧಾನವಾಗಿ ಸುರಿದೆ.

“ದೂರದ ಊರವರಂತೆ. ಒಳ್ಳೆಯ ಜನವಂತೆ.”

“ಒಳ್ಳೆಯವರಾದರೂ ಅವರಿಗೆ ಗೊತ್ತಿರಬೇಕಲ್ಲ,” ಎಂದಳು ಅಜ್ಜಿ. “ಮಾಗಿ ಬಂತು. ಅದಕ್ಕೆ ಚಳಿ ಆಗಲ್ಲ. ಬೆನ್ನ ಮೇಲೆ ಗೋಣಿ ಹಾಕದಿದ್ದರೆ ಬೆಳಗಿನ ಜಾವ ನಡುಗುತ್ತೆ.” ಕೊಟ್ಟಿಗೆಯೊಳಗೆ ಹೋಗಿ ಗೂಟಕ್ಕೆ ನೇತುಹಾಕಿದ್ದ ಒಂದು ಗೋಣಿ ತಂದಳು. ನಾಲ್ಕೂ ಮೂಲೆಗೆ ದಾರ ಹೊಲಿದಿತ್ತು, ಹೊಟ್ಟೆಯ ಕೆಳಗೆ ಕಟ್ಟಲಿಕ್ಕೆ. “ಅವನಿಗೆ ಕೊಡು. ಯಾರ ಕೈಯಲ್ಲಾದರೂ ಅಲ್ಲಿಗೆ ಕಳಿಸಲಿ. ನಾನು ಬಯ್ಯಲ್ಲ ಅಂತ ಹೇಳು.”

ಗೋಣಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬೀಸುವ ಮನೆಗೆ ಬಂದೆ. ಹನ್ನೆರಡು ಕಲ್ಲೂ ತಿರುಗುತ್ತಿದ್ದವು. ಆ ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು, ಅಜ್ಜಿ ಕೊಟ್ಟಿದ್ದು, ಹಸುವಿಗೆ ಹೊದಿಸಲಿಕ್ಕೆ ಎಂದು.

ದನಗಾಹಿ ಗೂಟ ಬಿಟ್ಟು ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡ. ದಾರದ ಒಂದೊಂದು ಗಂಟನ್ನೂ ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಅದಕ್ಕೆ ಅಲ್ಲಲ್ಲಿ ಬಿಳಿಯ ಕೂದಲು ಅಂಟಿತ್ತು. ಆಮೇಲೆ ತಲೆ ಎತ್ತಿದ.

“ಹಾಗಾದರೆ ಅಜ್ಜಿ ನಾನು ಕದ್ದೆ ಅಂತಲೇ ನಂಬಿದ್ದಾರೆ ಅಲ್ಲವಾ ಸ್ವಾಮಿ?”

“ನಂಬಿದ್ದಾರೆ,” ಎಂದೆ.

“ಸದ್ಯ,” ಎಂದ ಅವನು.